ಹತ್ತನೆಯವನು ಯಾವ ಆಫೀಸಿಗೆ ಹೋಗಬೇಕಿತ್ತು?

2022ರ ಅಕ್ಟೋಬರ್ 9, ಆದಿತ್ಯವಾರ. ಬೆಳಗಿನ ಪೂಜೆಗೆ ತಡವಾಗಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒದ್ದೆ ಕೊಡೆಗಳ ರಾಶಿ. ಅಮ್ಮ ತೀರಿಕೊಂಡು ಐದು ತಿಂಗಳಾಗಿತ್ತು. ಅವಳಿಲ್ಲದೆ ಇಗರ್ಜಿಗೆ ಹೋಗುವುದು ಇನ್ನೂ ಅಭ್ಯಾಸವಾಗಿರಲಿಲ್ಲ.

ಅಂದಿನ ಶುಭಸಂದೇಶ ಲೂಕನ 17ನೇ ಅಧ್ಯಾಯ, ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗ. ಗುರುಗಳು ಎಲ್ಲರೂ ಹೇಳುವುದನ್ನೇ ಹೇಳಿದರು. ಹತ್ತೂ ಜನ ಗುಣವಾದರು, ಒಬ್ಬನೇ ತಿರುಗಿ ಬಂದು ಉಪಕಾರ ನೆನೆದ, ನಾವು ಒಂಬತ್ತರ ಲೆಕ್ಕಕ್ಕೆ ಸೇರಬಾರದು, ಮಕ್ಕಳಿಗೆ ಕೊಂಕಣಿಯ ಧನ್ಯವಾದ ‘ದೇವ್ ಬರೆಂ ಕರುಂ’ ಅನ್ನಲು ಕಲಿಸಿ ಎಂದರು. ಒಳ್ಳೆಯ ಮಾತೇ. ಆದರೆ ನನ್ನ ಕಿವಿ ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡಿತ್ತು. ಯೇಸು ಜೆರುಸಲೇಮಿಗೆ ಹೋಗುತ್ತ ಸಮಾರಿಯ ಮತ್ತು ಗಲಿಲೇಯಗಳ ನಡುವೆ ಹಾದುಹೋಗುತ್ತಿದ್ದರು ಎನ್ನುತ್ತಾನೆ ಲೂಕ. ಅಂದರೆ ಗಡಿ.

ಕಾಸರಗೋಡಿನವರಿಗೆ ಈ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ಮುಂದಿನ ಪಾಠ ತಲೆಗೆ ಹೋಗುವುದಿಲ್ಲ. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮನೆಯಲ್ಲೇ ಕೂತು ರಾಜ್ಯ ಬದಲಿಸಿದವರು. ನಮ್ಮ ಮನೆ ಬದಿಯಡ್ಕದ ಹತ್ತಿರ. ರೇಷನ್ ಕಾರ್ಡು ಮಲಯಾಳದ್ದು, ಶಾಲೆ ಕನ್ನಡದ್ದು, ಪ್ರಾರ್ಥನೆ ಕೊಂಕಣಿಯದ್ದು, ಸಂತೆಯ ಚೌಕಾಶಿ ತುಳುವಿನದ್ದು. ಸರ್ಕಾರ ತಿರುವನಂತಪುರದಲ್ಲಿ, ಬಿಷಪರು ಮಂಗಳೂರಿನಲ್ಲಿ. ಜ್ವರ ಬಂದರೆ ಬದಿಯಡ್ಕ, ಬಿಡದಿದ್ದರೆ ಕಾಸರಗೋಡು, ಅದಕ್ಕೂ ಮೀರಿದರೆ ಮಂಗಳೂರು. ಈ ಕ್ರಮ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಬಾಯಿಪಾಠ. ‘ಮಂಗಳೂರಿಗೆ ಕೊಂಡುಹೋದರಂತೆ’ ಎಂದು ಯಾರಾದರೂ ಹೇಳಿದರೆ ಕೇಳಿದವರು ದನಿ ತಗ್ಗಿಸುತ್ತಾರೆ.

ಅಮ್ಮನನ್ನು 2019ರ ನವೆಂಬರಿನಲ್ಲಿ ಮಂಗಳೂರಿಗೆ ಕೊಂಡುಹೋದೆವು. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಗ್ಗೆ ಹೋದವು. ನಾಲ್ಕು ಭಾಷೆಯಲ್ಲಿ ಜಗಳವಾಡಬಲ್ಲ ಹೆಂಗಸು ಅವಳು. ಎಚ್ಚರವಾದಾಗ ಕನ್ನಡ ಇಲ್ಲ, ತುಳು ಇಲ್ಲ, ಹರುಕುಮುರುಕು ಮಲಯಾಳ ಮೊದಲೇ ಇಲ್ಲ. ಉಳಿದದ್ದು ಹುಟ್ಟಿದ ಮನೆಯ ಕೊಂಕಣಿ, ಅದೂ ಒಡೆದ ಬಳೆಯ ಚೂರಿನಂತೆ ಅಲ್ಲೊಂದು ಇಲ್ಲೊಂದು. ತಮಾಷೆ ಏನೆಂದರೆ, ಕೇರಳದಲ್ಲಿ ಅರುವತ್ತಮೂರು ವರ್ಷ ಇದ್ದೂ ಮಲಯಾಳ ಸರಿಯಾಗಿ ಕಲಿಯದ ಅಮ್ಮ, ಗಡಿ ದಾಟಿ ಕರ್ನಾಟಕದ ಆಸ್ಪತ್ರೆಗೆ ಬಂದು ಮಲಯಾಳಿ ನರ್ಸಿನ ಕೈಗೆ ಸಿಕ್ಕಿದಳು.

ಆ ಹುಡುಗಿ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವರ್ಷದವಳು. ಎರಡನೇ ದಿನ ನನ್ನನ್ನು ಕರೆದು, ಅಮ್ಮನ ಭಾಷೆಯಲ್ಲಿ ನೀರಿಗೆ ಏನೆನ್ನುತ್ತಾರೆ ಎಂದು ಕೇಳಿದಳು. ಉದಾಕ್. ಗಂಜಿಗೆ? ಪೇಜ್. ನೋಯುತ್ತದಾ ಎಂದು ಕೇಳಲು? ದುಕ್ತಾಗೀ. ಬಾಲ್‌ಪೆನ್ನಿನಲ್ಲಿ ಮೂರನ್ನೂ ಎಡಗೈಯ ಅಂಗೈಯಲ್ಲಿ ಮಲಯಾಳ ಅಕ್ಷರದಲ್ಲಿ ಬರೆದುಕೊಂಡಳು. ದಿನಕ್ಕೆ ಮೂವತ್ತು ಸಲ ಕೈ ತೊಳೆಯುವ ಕೆಲಸ. ಸಂಜೆಯೊಳಗೆ ಶಾಯಿ ಅಳಿಸಿಹೋಗುತ್ತಿತ್ತು. ಮರುದಿನ ಡ್ಯೂಟಿಗೆ ಬಂದವಳು ಮೊದಲು ಅಂಗೈ ನನ್ನ ಮುಂದೆ ಹಿಡಿಯುತ್ತಿದ್ದಳು, ಪುನಃ ಹೇಳಿಕೊಡಿ ಎನ್ನುವ ಹಾಗೆ. ನಾಲ್ಕನೇ ದಿನದಿಂದ ಬರೆದುಕೊಳ್ಳಲಿಲ್ಲ.

ಹತ್ತೊಂಬತ್ತು ದಿನದ ಮೇಲೆ ಮನೆಗೆ ಬಂದೆವು. ಆಮೇಲೆ ಹದಿನೈದು ದಿನಕ್ಕೊಮ್ಮೆ ಮಾತಿನ ಚಿಕಿತ್ಸೆಗೆ ಮಂಗಳೂರು. ಅಲ್ಲಿದ್ದ ಥೆರಪಿಸ್ಟ್‌ಗೆ ಕೊಂಕಣಿ ಬರುತ್ತಿತ್ತು, ಅದು ನಮ್ಮ ಭಾಗ್ಯ. ನಾನೊಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಿರುಗಿ ಬಂದ ಶಬ್ದಗಳನ್ನು ತಾರೀಕು ಹಾಕಿ ಬರೆದಿಡುತ್ತಿದ್ದೆ. ಜಾಯ್, ನಾಕಾ, ಪುರೊ, ವಚ್. ಬೇಕು, ಬೇಡ, ಸಾಕು, ಹೋಗು. 2020ರ ಮಾರ್ಚ್ ಮಧ್ಯದ ಹೊತ್ತಿಗೆ ಮೂವತ್ತೊಂದು ಶಬ್ದ.

ಆಮೇಲಿನದ್ದು ನಿಮಗೆಲ್ಲ ಗೊತ್ತು. ದೇಶಕ್ಕೆ ಬೀಗ ಬಿದ್ದದ್ದು ಮಾರ್ಚ್ 24ರ ರಾತ್ರಿ. ಅದರ ಹಿಂದೆಮುಂದೆ ನಮ್ಮ ಕಡೆಯಿಂದ ಕರ್ನಾಟಕಕ್ಕೆ ಹೋಗುವ ರಸ್ತೆಗಳಿಗೆ ಮಣ್ಣು ಬಿತ್ತು. ಟಿಪ್ಪರಿನಲ್ಲಿ ತಂದು ಸುರಿದ ಕೆಂಪು ಮಣ್ಣು, ಆಳೆತ್ತರ. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ತಿರುಗಿ ಬಂದವು, ಆಸ್ಪತ್ರೆ ಮುಟ್ಟದೆ ಜನ ಸತ್ತರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಓಡಾಡಿ, ಏಪ್ರಿಲ್ ಮೊದಲ ವಾರ ಒಂದು ಕ್ರಮವಾಯಿತು: ಕೋವಿಡ್ ಅಲ್ಲವೆಂದು ಡಾಕ್ಟರರ ಚೀಟಿ ಬೇಕು, ಗಡಿಯಲ್ಲಿ ತಪಾಸಣೆಯಾಗಬೇಕು, ತುರ್ತಾಗಿದ್ದರೆ ಮಾತ್ರ ದಾಟಬಹುದು. ನಮ್ಮದೇ ಊರ ಪಕ್ಕ, ಉಕ್ಕಿನಡ್ಕದಲ್ಲಿ ವರ್ಷಗಳಿಂದ ಅರೆಬರೆ ಕಟ್ಟಿಟ್ಟಿದ್ದ ಸರ್ಕಾರಿ ಮೆಡಿಕಲ್ ಕಾಲೇಜು ಆ ಏಪ್ರಿಲಿನಲ್ಲೇ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ಗಡಿ ಮುಚ್ಚದಿದ್ದರೆ ಅದು ಇನ್ನೆಷ್ಟು ವರ್ಷ ಹಾಗೆಯೇ ಇರುತ್ತಿತ್ತೋ.

ಅಮ್ಮನ ಮಾತ್ರೆ ಕಾಸರಗೋಡಿನಲ್ಲೇ ಸಿಕ್ಕಿತು, ಸುಳ್ಳು ಹೇಳಬಾರದು. ಸಿಗದೇ ಹೋದದ್ದು ಕೊಂಕಣಿಯಲ್ಲಿ ಮಾತು ಕಲಿಸುವವಳು. ಚೀಟಿಗಾಗಿ ನಿಂತಾಗ ಮೇಜಿನ ಆಚೆ ಇದ್ದವರು ‘ತುರ್ತು ಏನು?’ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಎಪ್ಪತ್ತಮೂರು ವರ್ಷದ ಹೆಂಗಸಿನ ಮೂವತ್ತೆರಡನೇ ಶಬ್ದ ಯಾವ ಕಾಲಮ್ಮಿನಲ್ಲಿ ತುರ್ತು? ನಾನು ತಿರುಗಿ ಬಂದೆ. ನವೆಂಬರಿನಲ್ಲಿ ಮತ್ತೆ ಹೋಗುವ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಹನ್ನೆರಡು ಉಳಿದಿದ್ದವು.

ಇಷ್ಟು ತಲೆಯಲ್ಲಿ ಇಟ್ಟುಕೊಂಡು ಇಗರ್ಜಿಯಲ್ಲಿ ಕೂತಿದ್ದರೆ ಅಂದಿನ ಮೊದಲ ವಾಚನವೂ ಮಣ್ಣಿನದೇ. ಸಿರಿಯಾದ ಸೇನಾಪತಿ ನಾಮಾನ ಇಸ್ರಾಯೇಲಿಗೆ ಬಂದು, ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗಿ ಚರ್ಮರೋಗ ಕಳೆದುಕೊಂಡವನು, ಊರಿಗೆ ಹೊರಡುವಾಗ ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು ಕೊಡಿ ಎಂದು ಕೇಳುತ್ತಾನೆ. ಈ ದೇವರನ್ನು ತನ್ನ ದೇಶದಲ್ಲಿ ನಿಂತು ಪೂಜಿಸಲು ಈ ನೆಲವೇ ಬೇಕು ಅವನಿಗೆ. ಮೊದಲು ಅವನು ಸಿಟ್ಟಾದದ್ದು ಪೂಜೆಯಲ್ಲಿ ಓದುವ ತುಂಡಿನಲ್ಲಿ ಬರುವುದಿಲ್ಲ. ದಮಸ್ಕದ ಅಬಾನ, ಪರ್ಪರ ನದಿಗಳು ಈ ಜೋರ್ಡನಿಗಿಂತ ಒಳ್ಳೆಯವಲ್ಲವೇ ಎಂದು ರೇಗಿದ್ದ. ನಮ್ಮ ಚಂದ್ರಗಿರಿ ಇರುವಾಗ ನೇತ್ರಾವತಿಯ ಸೇತುವೆ ಯಾಕೆ ದಾಟಬೇಕು ಎಂದು ಅಪ್ಪ ಒಂದು ಕಾಲದಲ್ಲಿ ಇದೇ ಧಾಟಿಯಲ್ಲಿ ಗೊಣಗುತ್ತಿದ್ದರು. ಆಮೇಲೆ ದಾಟುತ್ತಿದ್ದರು.

ಈಗ ಲೂಕನ ಹತ್ತು ಮಂದಿ. ಅವರು ದೂರದಲ್ಲಿ ನಿಂತು ಕೂಗುತ್ತಾರೆ. ಯೇಸು ಹತ್ತಿರ ಕರೆಯುವುದಿಲ್ಲ, ಮುಟ್ಟುವುದಿಲ್ಲ, ಗುಣವಾಗಿ ಅನ್ನುವುದೂ ಇಲ್ಲ. ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಎನ್ನುತ್ತಾರೆ, ಅಷ್ಟೆ. ಚೀಟಿ ಮಾಡಿಸಿಕೊಳ್ಳಿ ಎಂದ ಹಾಗೆ. ಮೈಮೇಲೆ ಕಲೆ ಇರುವಾಗಲೇ ಅವರು ಹೊರಟರು, ನಡೆಯುತ್ತಿರುವಾಗ ಶುದ್ಧರಾದರು.

ಚೀಟಿಯ ನಿಯಮ ಬೈಬಲಿನ ಯಾಜಕಕಾಂಡದ 13, 14ನೇ ಅಧ್ಯಾಯಗಳಲ್ಲಿದೆ. ಅಲ್ಲಿ ಹೇಳುವ ಕಾಯಿಲೆ ಇವತ್ತಿನ ಕುಷ್ಠವೇ ಆಗಿರಬೇಕೆಂದಿಲ್ಲ. ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದ ರೋಗಾಣುವಿಗೂ ಹೀಬ್ರೂ ಪುಸ್ತಕದ ಆ ಶಬ್ದಕ್ಕೂ ಹೊಂದುವುದಿಲ್ಲ. ಹಲವು ಬಗೆಯ ಚರ್ಮದ ತೊಂದರೆಗಳಿಗೆ ಒಂದೇ ಹೆಸರು. ಬಟ್ಟೆಗೂ ಅದು ಬರುತ್ತದೆ, ಮನೆಯ ಗೋಡೆಗೂ ಬರುತ್ತದೆ. ಗೋಡೆಯಲ್ಲಿ ಹಸಿರೋ ಕೆಂಪೋ ಗುಳಿ ಕಂಡರೆ ಯಾಜಕ ಬಂದು ನೋಡಿ ಏಳು ದಿನ ಮನೆ ಮುಚ್ಚಿಸಬೇಕು. ಜಡಿಮಳೆಯ ಆಟಿ ತಿಂಗಳಲ್ಲಿ ಆ ಯಾಜಕ ಬದಿಯಡ್ಕಕ್ಕೆ ಬಂದರೆ ಒಂದು ಮನೆಯೂ ಪಾಸಾಗುವುದಿಲ್ಲ.

ಆದರೆ ಮನುಷ್ಯರ ಮಟ್ಟಿಗೆ ಅದು ತಮಾಷೆಯಲ್ಲ. ಹರಿದ ಬಟ್ಟೆ, ಕೆದರಿದ ಕೂದಲು, ಪಾಳೆಯದ ಹೊರಗೆ ವಾಸ. ಯಾರಾದರೂ ಎದುರು ಬಂದರೆ ನಾನು ಅಶುದ್ಧ, ಅಶುದ್ಧ ಎಂದು ತಾನೇ ಕೂಗಬೇಕು. ಗುಣವಾದರೆ ಯಾಜಕನೇ ಪಾಳೆಯದ ಹೊರಗೆ ಬಂದು ನೋಡಬೇಕು. ಎರಡು ಹಕ್ಕಿ ತಂದು, ಒಂದನ್ನು ಮಣ್ಣಿನ ಪಾತ್ರೆಯ ಮೇಲೆ ಕೊಂದು, ಇನ್ನೊಂದನ್ನು ಆ ರಕ್ತದಲ್ಲಿ ಅದ್ದಿ ಬಯಲಿಗೆ ಹಾರಬಿಡಬೇಕು. ಎಂಟನೇ ದಿನ ಅವನ ಬಲಗಿವಿಯ ತುದಿಗೆ, ಬಲಗೈಯ ಹೆಬ್ಬೆಟ್ಟಿಗೆ, ಬಲಗಾಲಿನ ಹೆಬ್ಬೆಟ್ಟಿಗೆ ಎಣ್ಣೆ ಹಚ್ಚಬೇಕು. ಇದರಲ್ಲಿ ಒಂದೂ ಔಷಧಿಯಲ್ಲ. ರೋಗ ಹೋಗಿಯಾಗಿದೆ. ಇಷ್ಟೆಲ್ಲ ಮಾಡುವುದು ಅವನನ್ನು ಊರಿನ ಒಳಗೆ ತರಲಿಕ್ಕೆ. ರೋಗ ಹೋಗುವುದು ಒಂದು, ಊರು ಸೇರುವುದು ಇನ್ನೊಂದು ಎಂದು ಆ ಪುಸ್ತಕಕ್ಕೆ ಚೆನ್ನಾಗಿ ಗೊತ್ತಿತ್ತು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಗುಳಿಗೆ ಕೊಡಲು ಶುರುಮಾಡಿದ ಜರ್ಮನಿಯ ಪಾದ್ರಿ ಆಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಮನೆಯನ್ನೂ ಕಟ್ಟಬೇಕಾಗಿ ಬಂದದ್ದು ಅದಕ್ಕೇ. ಗುಳಿಗೆ ಕೊಟ್ಟರೂ ಅವರು ಹೋಗುವುದೆಲ್ಲಿಗೆ?

ಆದ್ದರಿಂದ ಆ ಒಂಬತ್ತು ಮಂದಿಯ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ ಕೆಲಸಕ್ಕೇ ಹೋದವರು. ಮನೆಯಲ್ಲಿ ಹೆಂಡತಿ ಮಕ್ಕಳು ಕಾಯುತ್ತಿದ್ದಾರೆ, ಆಫೀಸು ಮುಚ್ಚುವುದರೊಳಗೆ ಮುಟ್ಟಬೇಕು. ನಾನಾದರೂ ಓಡುತ್ತಿದ್ದೆ. ಮೊದಲು ಚೀಟಿ, ಆಮೇಲೆ ಉಪಕಾರ ಸ್ಮರಣೆ.

ನನ್ನ ತಲೆ ಕೊರೆದದ್ದು ಹತ್ತನೆಯವನು. ಅವನು ಸಮಾರಿಯದವನು ಎಂದು ಲೂಕ ಕೊನೆಗೆ, ಅವನು ತಿರುಗಿ ಬಂದು ಕಾಲಿಗೆ ಬಿದ್ದ ಮೇಲೆ ಹೇಳುತ್ತಾನೆ. ಅಲ್ಲಿಯವರೆಗೆ ಅವನು ಹತ್ತರಲ್ಲಿ ಒಬ್ಬ. ಯೆಹೂದಿಗಳೂ ಸಮಾರಿಯದವರೂ ಒಂದೇ ಪಾತ್ರೆಯ ನೀರು ಕುಡಿಯದ ಕಾಲದಲ್ಲಿ ಕಾಯಿಲೆ ಅವರನ್ನು ಒಂದೇ ಗುಂಪು ಮಾಡಿತ್ತು. ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿ ನೋಡಿದವರಿಗೆ ಇದು ಗೊತ್ತು. ಬ್ಯಾರಿ, ಭಟ್ಟ, ಕ್ರಿಸ್ತಾಂವ್, ಎಲ್ಲರ ಫ್ಲಾಸ್ಕಿನ ಬಿಸಿನೀರೂ ಒಂದೇ. ಡಿಸ್ಚಾರ್ಜ್ ಆಗಿ ಗೇಟು ದಾಟಿದರೆ ಪುನಃ ನಾವು ನಾವೇ, ಅವರು ಅವರೇ. ಆ ಹತ್ತು ಮಂದಿಗೂ ಹಾಗೇ ಆಗಿರಬೇಕು. ಕಲೆ ಮಾಯವಾದ ಕ್ಷಣ ಒಂಬತ್ತು ಮಂದಿ ಯೆಹೂದಿಗಳಾದರು, ಒಬ್ಬ ಪರದೇಶಿಯಾದ.

ಇನ್ನು ಅವನು ಹೋಗುವುದು ಯಾವ ಯಾಜಕನ ಹತ್ತಿರ? ಜೆರುಸಲೇಮಿನ ದೇವಾಲಯದಲ್ಲಿ ಅವನನ್ನು ಒಳಗೆ ಬಿಡುವವರಿಲ್ಲ. ಯೇಸು ಅವನಿಗೆ ಬಳಸುವ ‘ಅನ್ಯಕುಲದವನು’ ಎಂಬ ಗ್ರೀಕ್ ಶಬ್ದ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಬರುವುದಿಲ್ಲ. ಆದರೆ 1871ರಲ್ಲಿ ಜೆರುಸಲೇಮಿನಲ್ಲಿ ಸಿಕ್ಕ ಒಂದು ಕಲ್ಲಿನ ಮೇಲೆ ಅದೇ ಶಬ್ದ ಇದೆ. ದೇವಾಲಯದ ಒಳ ಆವರಣದ ತಡೆಗೋಡೆಯಲ್ಲಿದ್ದ ಎಚ್ಚರಿಕೆಯ ಕಲ್ಲು ಅದು: ಅನ್ಯಕುಲದವರು ಇಲ್ಲಿಂದ ಮುಂದೆ ಬರಕೂಡದು, ಬಂದು ಸಿಕ್ಕಿಬಿದ್ದರೆ ತಮ್ಮ ಸಾವಿಗೆ ತಾವೇ ಹೊಣೆ. ಸಮಾರಿಯದವರು ಪೂಜಿಸುವ ಗೆರಿಜ್ಜೀಮ್ ಬೆಟ್ಟದ ಕಡೆಗೆ ಹೋದರೆ ಅವನದೇ ಯಾಜಕರು ಸಿಕ್ಕಾರು. ಆದರೆ ಆ ಬೆಟ್ಟದ ಗುಡಿಯನ್ನು ಯೆಹೂದಿ ಅರಸ ಹಿರ್ಕಾನ ಕೆಡವಿ ನೂರು ವರ್ಷ ದಾಟಿತ್ತು. ಅಲ್ಲಿಯ ಚೀಟಿ ಇಲ್ಲಿ ನಡೆಯುತ್ತಿತ್ತೇ? 2021ರಲ್ಲಿ ಎಪ್ಪತ್ತೆರಡು ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಹಿಡಿದು ತಲಪಾಡಿಯಲ್ಲಿ ನಿಂತ ನಮಗೆ ಈ ಪ್ರಶ್ನೆ ಬೈಬಲಿನದು ಅನ್ನಿಸುವುದೇ ಇಲ್ಲ.

ಅವನು ಬಹಳ ಕೃತಜ್ಞ ಮನುಷ್ಯನೇ ಇರಬಹುದು. ನನಗೆ ಕಾಣುವುದು ಬೇರೆ. ಎರಡೂ ಕಡೆ ಆಫೀಸಿಲ್ಲದವನು ಅವನು. ಅದಕ್ಕೇ ಮನುಷ್ಯನ ಹತ್ತಿರ ತಿರುಗಿ ಬಂದ.

ಲೂಕನ ಗ್ರೀಕಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹತ್ತು ಮಂದಿ ‘ಶುದ್ಧರಾದರು’. ಒಬ್ಬ ತಾನು ‘ವಾಸಿಯಾದದ್ದನ್ನು’ ಕಂಡ. ತಿರುಗಿ ಬಂದವನಿಗೆ ಯೇಸು, ನಿನ್ನ ನಂಬಿಕೆ ನಿನ್ನನ್ನು ‘ಉಳಿಸಿತು’ ಎನ್ನುತ್ತಾರೆ. ಮೂರು ಬೇರೆ ಬೇರೆ ಕ್ರಿಯಾಪದ. ಮೂರನೆಯದು ‘ಸೋಜೋ’, ಮುಳುಗುವವನನ್ನು ಎಳೆದು ಹಾಕುವುದಕ್ಕೂ, ರೋಗ ವಾಸಿಮಾಡುವುದಕ್ಕೂ, ಆತ್ಮ ರಕ್ಷಿಸುವುದಕ್ಕೂ ಅದೇ ಶಬ್ದ. ಇದನ್ನು ಒಂದೇ ಕನ್ನಡ ಶಬ್ದದಲ್ಲಿ ತರಲು ಹೋದವರ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ‘ಗುಣ’ ಇದೆ: ಮನುಷ್ಯನ ಗುಣವೂ ಹೌದು, ಕಾಯಿಲೆ ಗುಣವಾಗುವುದೂ ಹೌದು. ನಮ್ಮ ಕಡೆ ‘ಸೌಖ್ಯ ಇಲ್ಲ’ ಎಂದರೆ ಹುಷಾರಿಲ್ಲ ಎಂದರ್ಥ, ಸುಖವಿಲ್ಲ ಎಂದೂ ಕೇಳುತ್ತದೆ. ಅಮ್ಮನ ಕೊಂಕಣಿಯಲ್ಲಿ ಕಾಯಿಲೆ ವಾಸಿಯಾಗುವುದಕ್ಕೆ ‘ಬರೆಂ ಜಾಲೆಂ’, ಒಳ್ಳೆಯದಾಯಿತು. ಧನ್ಯವಾದಕ್ಕೆ ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ. ಎರಡರಲ್ಲೂ ಅದೇ ‘ಬರೆಂ’. ಐವತ್ತು ವರ್ಷ ದಿನಾ ಆಡಿದ ಮಾತು, ಆ ಬೆಂಚಿನಲ್ಲಿ ಕೂತಾಗ ಮೊದಲ ಸಲ ಕೇಳಿಸಿತು.

ಇಲ್ಲಿಗೆ ನಿಲ್ಲಿಸಿದರೆ ಬರಹ ಚೆಂದವಾಗಿ ಮುಗಿಯುತ್ತದೆ. ಆದರೆ ಅದು ಮೋಸ. ಗುಣವಾಗುವುದೆಂದರೆ ಊರು ಸೇರುವುದು, ಮನುಷ್ಯರ ನಡುವೆ ಬರುವುದು ಎಂದೆಲ್ಲ ವ್ಯಾಖ್ಯಾನ ಮಾಡುವುದು, ಬಲಗೈ ಎತ್ತಲಾಗದವಳ ಮುಂದೆ ಕೂತು ಹೇಳಿದರೆ ಸುಲಭದ ಮಾತಾಗುತ್ತದೆ. ಸುವಾರ್ತೆಗಳಲ್ಲಿ ರೋಗ ಹೋಗುತ್ತದೆ. ಕುಂಟ ಚಾಪೆ ಸುತ್ತಿಕೊಂಡು ನಡೆಯುತ್ತಾನೆ. ಅಮ್ಮನ ಕೈ ಕೊನೆಯವರೆಗೂ ಮೇಲೇಳಲಿಲ್ಲ.

ಅವಳನ್ನು 2021ರ ಮೊದಲಲ್ಲಿ ಸಂಬಂಧಿಕರ ಒತ್ತಾಯಕ್ಕೆ ಒಂದು ಸ್ವಸ್ಥತಾ ಕೂಟಕ್ಕೆ ಕರೆದುಕೊಂಡು ಹೋಗಿದ್ದೆ. ಬೋಧಕರು ಹಣೆಯ ಮೇಲೆ ಕೈಯಿಟ್ಟು ಕೂಗಿದರು. ಕೈ ಎತ್ತು ಎಂದರು. ಅಮ್ಮ ಎಡಗೈ ಎತ್ತಿದಳು. ಅವಳಿಗೆ ಪಾಪ, ಎತ್ತಬೇಕಾದದ್ದು ಗೊತ್ತಾಗಿತ್ತು, ಯಾವುದೆಂದು ಗೊತ್ತಾಗಲಿಲ್ಲ. ಮನೆಯವರ ನಂಬಿಕೆ ಸಾಲದು ಎಂದು ಮೈಕಿನಲ್ಲೇ ತೀರ್ಪಾಯಿತು. ಬರುವಾಗ ಜೀಪಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ.

ಆ ರಾತ್ರಿ ಹುಡುಕಿ ಓದಿದ್ದು ತ್ರೋಫಿಮನನ್ನು. ಪ್ರೇಷಿತ ಪೌಲ ತನ್ನ ಶಿಷ್ಯ ತಿಮೊಥೇಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಒಂದು ಸಾಲು ಬರುತ್ತದೆ: ತ್ರೋಫಿಮನಿಗೆ ಸೌಖ್ಯವಿರಲಿಲ್ಲ, ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ. ಮುಗಿಯಿತು. ವಿವರಣೆಯಿಲ್ಲ, ಅವನ ನಂಬಿಕೆಯ ಅಳತೆಯಿಲ್ಲ. ಪೌಲನ ಮೈಗೆ ತಾಗಿದ ಕರವಸ್ತ್ರದಿಂದಲೇ ರೋಗಿಗಳು ಗುಣವಾಗುತ್ತಿದ್ದರು ಎಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇದೆ. ಅದೇ ಪೌಲ ಜೊತೆಗಾರನನ್ನು ಜ್ವರದಲ್ಲೋ ಏನೋ ಒಂದು ಬಂದರಿನಲ್ಲಿ ಬಿಟ್ಟು ಹೋಗಬೇಕಾಯಿತು. ತನ್ನ ಮೈಯಲ್ಲಿದ್ದ ಮುಳ್ಳು ಹೋಗಲೆಂದು ಮೂರು ಸಲ ಬೇಡಿದ, ಹೋಗಲಿಲ್ಲ. ತಿಮೊಥೇಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದ, ನಮ್ಮ ಅಜ್ಜಿ ಓಮದ ಕಷಾಯ ಹೇಳಿದ ಹಾಗೆ. ಮೈಕು ಹಿಡಿದವರು ಈ ಸಾಲುಗಳನ್ನು ಓದುವುದಿಲ್ಲ.

ಮನೆಯವರ ತಪ್ಪು ಹುಡುಕುವುದು ಹೊಸತೇನಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ ಮೊದಲ ಪ್ರಶ್ನೆ, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಗಳೋ ಎಂದು. ನಮ್ಮಲ್ಲಿ ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆ ತಲೆ ಊದಿದ, ಮಾತು ಬಾರದ ಮಕ್ಕಳು ಹುಟ್ಟುತ್ತಿದ್ದಾಗ ಕೇಳುತ್ತಿದ್ದದ್ದೂ ಅದನ್ನೇ. ದೈವದ ಶಾಪವೋ, ನಾಗದೋಷವೋ, ಅಪ್ಪ ಮಾಡಿದ್ದೋ? ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಪಾಪದ ಪಟ್ಟಿಯಲ್ಲಿ ಬರೆಯಲು ಜನರಿಗೆ ತೋಚಿರಲಿಲ್ಲ. ಪಡ್ರೆಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕ ಇಟ್ಟು, ಪ್ರಶ್ನೆಯನ್ನು ಮನೆಯೊಳಗಿನಿಂದ ಹೊರಗೆ ತಂದರು. 2011ರ ಮೇಯಲ್ಲಿ ಸುಪ್ರೀಂ ಕೋರ್ಟು ಆ ವಿಷದ ತಯಾರಿ, ಮಾರಾಟ, ಬಳಕೆಯನ್ನು ದೇಶದಲ್ಲೆಲ್ಲ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ಐದೈದು ಲಕ್ಷ ಕೊಡಿ ಎಂದಿತು. ಕೊಡಬೇಕಾದರೆ ಪಟ್ಟಿಯಲ್ಲಿ ಹೆಸರು ಬೇಕು, ಪಟ್ಟಿಗೆ ಸೇರಲು ಕ್ಯಾಂಪಿಗೆ ಹೋಗಿ ತೋರಿಸಿಕೊಳ್ಳಬೇಕು. ಮಗುವನ್ನು ಹೆಗಲ ಮೇಲೆ ಹೊತ್ತು ಸಾಲಿನಲ್ಲಿ ನಿಂತ ತಾಯಂದಿರನ್ನು ನಾನು ನೋಡಿದ್ದೇನೆ. ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ.

ಕುರುಡನ ವಿಷಯದಲ್ಲಿ ಯೇಸು ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದರು. ಅಷ್ಟು ಸಾಕಿತ್ತು ನನಗೆ. ದೇವರ ಕಾರ್ಯ ಇವನಲ್ಲಿ ಕಾಣಲೆಂದು ಹೀಗಾಯಿತು ಎಂಬ ಮುಂದಿನ ಮಾತು ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ಸ್ವರ್ಗ ಎಂಬ ಊರಿನಲ್ಲಿ ನಿಂತು ಅದನ್ನು ಓದುವ ಧೈರ್ಯ ನನಗಿಲ್ಲ.

ನನ್ನ ಮನಸ್ಸು ಹೋಗುವುದು ಮಾರ್ಕನ 7ನೇ ಅಧ್ಯಾಯದ ಕಿವುಡನ ಹತ್ತಿರ. ಅದೂ ಗಡಿಯಾಚೆಯ ಕಥೆ. ಯೇಸು ತೂರಿನಿಂದ ಹೊರಟು, ಸೀದೋನಿನ ಮೇಲೆ, ದೆಕಪೊಲಿಯ ಮಧ್ಯೆ ಹಾದು ಗಲಿಲೇಯ ಸರೋವರಕ್ಕೆ ಬಂದರಂತೆ. ಕಾಸರಗೋಡಿನಿಂದ ಪುತ್ತೂರಿಗೆ ಹೊರಟವನು ಮೊದಲು ತೆಂಕಕ್ಕೆ ಕಾಞಂಗಾಡಿಗೆ ಹೋದ ಹಾಗೆ. ಅಲ್ಲಿ ಒಬ್ಬನನ್ನು ಕರೆತರುತ್ತಾರೆ. ಕಿವಿ ಕೇಳದು, ನಾಲಗೆ ತೊದಲುತ್ತದೆ. ಯೇಸು ಅವನನ್ನು ಜನರ ಗುಂಪಿನಿಂದ ಬದಿಗೆ ಕರೆದೊಯ್ಯುತ್ತಾರೆ. ಕಿವಿಯಲ್ಲಿ ಬೆರಳಿಡುತ್ತಾರೆ, ಉಗುಳಿ ನಾಲಗೆ ಮುಟ್ಟುತ್ತಾರೆ, ಆಕಾಶ ನೋಡಿ ನಿಟ್ಟುಸಿರು ಬಿಡುತ್ತಾರೆ. ಮೈಕಿಲ್ಲ. ನಿಟ್ಟುಸಿರು ಇದೆ. ಆಮೇಲೆ ‘ಎಫ್ಫಥಾ’ ಎನ್ನುತ್ತಾರೆ, ತೆರೆದುಕೋ. ಮಾರ್ಕ ಬರೆಯುತ್ತಿರುವುದು ಗ್ರೀಕಿನಲ್ಲಿ, ಓದುಗರಿಗೆ ಅರಮಾಯಿಕ್ ಬಾರದು. ಆದರೂ ಆ ಒಂದು ಶಬ್ದವನ್ನು ಹಾಗೆಯೇ ಇಟ್ಟು ಪಕ್ಕದಲ್ಲಿ ಅರ್ಥ ಬರೆದಿದ್ದಾನೆ. ಸತ್ತ ಹುಡುಗಿಯನ್ನು ಎಬ್ಬಿಸುವಾಗಲೂ ‘ತಲಿಥಾ ಕೂಮ್’ ಹಾಗೆಯೇ ಉಳಿದಿದೆ. ಮನೆಮಾತನ್ನು ಅನುವಾದಿಸಲು ಕೈ ಬರಲಿಲ್ಲವೋ ಏನೋ. ಆ ಸಾಲು ಓದಿದಾಗಲೆಲ್ಲ ನನಗೆ ನೀಲಿ ಶಾಯಿಯ ಅಂಗೈ ಕಾಣುತ್ತದೆ.

ಗಡಿಗೆ ಮಣ್ಣು ಬೀಳುವ ಒಂದು ತಿಂಗಳ ಮೊದಲು, ಫೆಬ್ರವರಿಯಲ್ಲಿ, ಮಾತಿನ ಚಿಕಿತ್ಸೆ ಮುಗಿಸಿ ಹೊರಡುವಾಗ ಅಮ್ಮ ಹಟ ಹಿಡಿದಳು. ‘ವಚ್, ವಚ್’ ಎಂದು ಎಡಗೈಯಲ್ಲಿ ಲಿಫ್ಟು ತೋರಿಸಿದಳು. ಮಡಿಲಲ್ಲಿ ಮನೆಯಿಂದ ತಂದ ಹಲಸಿನ ಹಪ್ಪಳದ ಕಟ್ಟು. ಗಾಲಿಕುರ್ಚಿ ತಳ್ಳಿಕೊಂಡು ಮೂರನೇ ಮಹಡಿಗೆ ಹೋದೆವು. ಆ ನರ್ಸು ಡ್ಯೂಟಿಯಲ್ಲಿದ್ದಳು. ಅಂಗೈಯಲ್ಲಿ ಬೇರೆ ಯಾರದೋ ಶಬ್ದಗಳಿದ್ದವು. ಅಮ್ಮ ಹಪ್ಪಳ ಕೊಟ್ಟು ಬಾಯಿ ತೆರೆದಳು. ‘ದೇವ್’ ಬಂತು. ‘ಬರೆಂ’ ಬಂತು. ‘ಕರುಂ’ ಬರಲಿಲ್ಲ. ಮತ್ತೆ ಶುರುಮಾಡಿದಳು. ಮತ್ತೆ ಅಲ್ಲಿಗೇ ನಿಂತಿತು. ‘ಬರೆಂ... ಬರೆಂ...’

ಮಲಯಾಳದಲ್ಲಿ ‘ವರಾಂ’ ಎಂದರೆ ಹೋಗಿ ಬರುತ್ತೇನೆ. ಹುಡುಗಿಗೆ ಕೇಳಿಸಿದ್ದು ಅದು. ಅವಳು ನಗುತ್ತ ಅಮ್ಮನ ಸತ್ತ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ‘ವರೇಂಡ ಅಮ್ಮಚ್ಚೀ, ಇನಿ ಇಙ್ಙೋಟ್ಟ್ ವರೇಂಡ’ ಎಂದಳು. ಬರುವುದು ಬೇಡಮ್ಮ, ಇನ್ನು ಈ ಕಡೆ ಬರಲೇಬೇಡ.

ಅಮ್ಮನಿಗೆ ಏನು ಅರ್ಥವಾಯಿತೋ, ಮುಖದ ಎಡ ಅರ್ಧದಲ್ಲಿ ನಕ್ಕಳು.